ವರ್ಷದ ಹಾಡಿನ ಲೆಕ್ಕ: ರಿಕ್ಯಾಪ್ ಓದುವ, ತಿದ್ದುವ, ನಾವೇ ಬರೆದುಕೊಳ್ಳುವ ಬಗೆ

ನವೆಂಬರ್ ಮುಗಿಯುತ್ತ ಬಂದಂತೆ ಬೆಂಗಳೂರಿನ ಕಚೇರಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಕಾಲೇಜು ವಿದ್ಯಾರ್ಥಿಗಳ ಸ್ಟೇಟಸ್‌ಗಳಲ್ಲಿಯೂ ಒಂದೇ ಬಗೆಯ ಬಣ್ಣದ ಕಾರ್ಡುಗಳು ಕಾಣಿಸಿಕೊಳ್ಳತೊಡಗುತ್ತವೆ. ಈ ವರ್ಷ ಅತಿ ಹೆಚ್ಚು ಕೇಳಿದ ಹಾಡು ಯಾವುದು, ಕಲಾವಿದರು ಯಾರು, ಒಟ್ಟು ಎಷ್ಟು ನಿಮಿಷ ಎಂಬ ವಿವರಗಳು ಆ ಕಾರ್ಡುಗಳಲ್ಲಿರುತ್ತವೆ. ಸ್ಪಾಟಿಫೈ ಇದನ್ನು 2016ರಿಂದ ‘ರ್‍ಯಾಪ್ಡ್’ ಎಂಬ ಹೆಸರಿನಲ್ಲಿ ಕೊಡುತ್ತಿದೆ. ಆಪಲ್ ಮ್ಯೂಸಿಕ್ 2019ರಿಂದ ‘ರೀಪ್ಲೇ’ ಎಂದು ಕರೆಯುತ್ತದೆ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಇದರ ಹೆಸರು ‘ರಿಕ್ಯಾಪ್’. ಹೆಸರು ಯಾವುದಾದರೂ ಒಳಗಿರುವುದು ಒಂದೇ: ಒಂದು ಖಾತೆಯಿಂದ ಏನೇನು ಹಾಡಿಸಲಾಯಿತು ಎಂಬುದರ ಎಣಿಕೆ.

ಎಣಿಕೆಯಾಗುವುದು ಖಾತೆ, ವ್ಯಕ್ತಿಯಲ್ಲ. ಅದೂ ಆಯಾ ಸಂಸ್ಥೆಯ ನಿಯಮದ ಪ್ರಕಾರ, ಆ ಸಂಸ್ಥೆ ಆರಿಸಿಕೊಂಡ ಅವಧಿಗೆ ಮಾತ್ರ. ಕನ್ನಡದ ಕೇಳುಗರ ಮಟ್ಟಿಗಂತೂ ಈ ಲೆಕ್ಕದಲ್ಲಿ ಸಾಹಿತ್ಯ ಬರೆದವರಿಗೆ ಜಾಗವೇ ಸಿಗುವುದಿಲ್ಲ, ಹಾಡಿದವರಿಗೂ ಎಷ್ಟೋ ಬಾರಿ ಸಿಗುವುದಿಲ್ಲ. ಆದ್ದರಿಂದ ವರ್ಷವಿಡೀ ಮನಸ್ಸಿಟ್ಟು ಸಂಗೀತ ಕೇಳುವವರು ಸಿದ್ಧ ಕಾರ್ಡನ್ನು ಹಂಚಿಕೊಂಡು ಸುಮ್ಮನಾಗಬಾರದು. ಅದರ ಹಿಂದಿನ ಕಚ್ಚಾ ಮಾಹಿತಿಯನ್ನು ತರಿಸಿಕೊಂಡು ತಮ್ಮ ಲೆಕ್ಕವನ್ನು ತಾವೇ ಬರೆದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಹಣ ಖರ್ಚಾಗುವುದಿಲ್ಲ, ಪ್ರೋಗ್ರಾಮಿಂಗ್ ತಿಳಿದಿರಬೇಕೆಂದೂ ಇಲ್ಲ. ಒಂದು ಕಂಪ್ಯೂಟರ್, ಎಕ್ಸೆಲ್‌ನ ಸಾಮಾನ್ಯ ಪರಿಚಯ, ಒಂದು ಭಾನುವಾರದ ಬಿಡುವು ಇದ್ದರೆ ಸಾಕು.

ಎಣಿಕೆಯ ನಿಯಮಗಳು

ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಅದನ್ನು ಒಂದು ಸಲ ಕೇಳಿದಂತೆ ಎಣಿಸಲಾಗುತ್ತದೆ. ಅದಕ್ಕೆ ಮೊದಲೇ ಮುಂದಿನ ಹಾಡಿಗೆ ಹೋದರೆ ಲೆಕ್ಕಕ್ಕಿಲ್ಲ. ಮೂವತ್ತು ಸೆಕೆಂಡ್ ಕೇಳಿದವರಿಗೂ ಪೂರ್ತಿ ಕೇಳಿದವರಿಗೂ ಎಣಿಕೆಯಲ್ಲಿ ವ್ಯತ್ಯಾಸವಿಲ್ಲ ಎಂಬುದು ಮೇಲ್ನೋಟಕ್ಕೆ ಸಣ್ಣ ವಿಷಯವೆನಿಸಬಹುದು, ಆದರೆ ಶಾಸ್ತ್ರೀಯ ಸಂಗೀತ ಕೇಳುವವರಿಗೆ ಇದರಿಂದಾಗುವ ನಷ್ಟ ದೊಡ್ಡದು. ಐವತ್ತು ನಿಮಿಷದ ಒಂದು ರಾಗ-ತಾನ-ಪಲ್ಲವಿಯನ್ನು ಕಣ್ಣು ಮುಚ್ಚಿ ಕೇಳಿದರೂ ಅದು ಒಂದೇ ಸಲ. ಅಷ್ಟೇ ಹೊತ್ತಿನಲ್ಲಿ ಮೂರೂವರೆ ನಿಮಿಷದ ಸಿನಿಮಾ ಹಾಡೊಂದು ಹದಿನಾಲ್ಕು ಸಲ ಮುಗಿದಿರುತ್ತದೆ. ಹೀಗಾಗಿ ದಿನವೂ ಸಂಜೆ ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತ ಕೇಳುವವರ ಕಾರ್ಡಿನಲ್ಲಿಯೂ ಬೆಳಿಗ್ಗೆ ಅಡುಗೆಮನೆಯಲ್ಲಿ ಸುಮ್ಮನೆ ಓಡುತ್ತಿದ್ದ ಸಿನಿಮಾ ಹಾಡು ಮೊದಲ ಸ್ಥಾನಕ್ಕೆ ಬರುವುದು ಸಹಜ. ಇದನ್ನು ಸರಿಪಡಿಸುವ ದಾರಿ ಒಂದೇ: ಎಷ್ಟು ಸಲ ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುವುದು. ಅದನ್ನು ಮುಂದೆ ವಿವರಿಸುತ್ತೇನೆ.

ಎರಡನೆಯದು ಅವಧಿಯ ಪ್ರಶ್ನೆ. ಸ್ಪಾಟಿಫೈನ ಎಣಿಕೆ ಜನವರಿ 1ರಂದು ಶುರುವಾಗಿ, ಕಾರ್ಡುಗಳು ಹೊರಬರುವುದಕ್ಕೆ ಕೆಲವು ವಾರಗಳ ಮೊದಲೇ ನಿಲ್ಲುತ್ತದೆ. ಉಳಿದ ದಿನಗಳು ಆ ವರ್ಷದ ಕಾರ್ಡಿಗೂ ಬರುವುದಿಲ್ಲ, ಮುಂದಿನ ವರ್ಷದ್ದಕ್ಕೂ ಸೇರುವುದಿಲ್ಲ. ನಮ್ಮ ಊರಿನಲ್ಲಿ ಇದರ ಅರ್ಥವೇನೆಂದು ಯೋಚಿಸಿ. ರಾಜ್ಯೋತ್ಸವದ ನೆಪದಲ್ಲಿ ಬಡಾವಣೆ ಬಡಾವಣೆಯಲ್ಲಿ ಕನ್ನಡದ ಹಾಡು ಮೊಳಗುವ ನವೆಂಬರ್ ತಿಂಗಳ ಬಹುಭಾಗ ಈ ಲೆಕ್ಕದ ಅಂಚಿನಲ್ಲಿಯೋ ಆಚೆಯೋ ಉಳಿಯುತ್ತದೆ. ಡಿಸೆಂಬರ್ ಮಧ್ಯದಲ್ಲಿ ಆರಂಭವಾಗುವ ಧನುರ್ಮಾಸದಲ್ಲಿ ನಸುಕಿಗೆ ಎದ್ದು ಕೇಳುವ ತಿರುಪ್ಪಾವೈಯಾಗಲಿ ದೇವರನಾಮವಾಗಲಿ ಯಾವ ವರ್ಷದ ಕಾರ್ಡಿನಲ್ಲಿಯೂ ಪೂರ್ತಿಯಾಗಿ ಮೂಡುವುದಿಲ್ಲ. ಆಪಲ್ ಮ್ಯೂಸಿಕ್‌ನ ರೀಪ್ಲೇ ಪಟ್ಟಿ ವರ್ಷದುದ್ದಕ್ಕೂ ವಾರಕ್ಕೊಮ್ಮೆ ನವೀಕರಣಗೊಳ್ಳುವುದರಿಂದ ಈ ತೊಂದರೆ ಅದರಲ್ಲಿ ಕಡಿಮೆ. ಲಿಸನ್‌ಬ್ರೈನ್ಜ್ ಎಂಬ ಮುಕ್ತ ಸೇವೆಯಂತೂ ವರ್ಷ ಮುಗಿದ ಮೇಲೆ ಜನವರಿಯಲ್ಲಿ ತನ್ನ ವಾರ್ಷಿಕ ವರದಿ ಕೊಡುತ್ತದೆ. ನನ್ನ ಮಟ್ಟಿಗೆ ಇದೇ ಸರಿಯಾದ ಕ್ರಮ.

ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆ ಕೇಳಿದ್ದು ಎಣಿಕೆಗೆ ಬರುತ್ತದೆಯೇ ಎಂದು ಮೆಟ್ರೋದ ಸುರಂಗಗಳಲ್ಲಿ ದಿನವೂ ಓಡಾಡುವವರು ಕೇಳುತ್ತಾರೆ. ಬರುತ್ತದೆ. ಫೋನ್ ಮತ್ತೆ ನೆಟ್‌ಗೆ ಸೇರಿದಾಗ ಆ ಮಾಹಿತಿ ಸರ್ವರ್‌ಗೆ ತಲುಪುತ್ತದೆ.

ಮನೆಮಂದಿಯ ಹಾಡು ಬೇರೆ, ನಿಮ್ಮ ಹಾಡು ಬೇರೆ

ಒಂದೇ ಖಾತೆಯನ್ನು ಮನೆಯವರೆಲ್ಲ ಬಳಸುವುದು ನಮ್ಮಲ್ಲಿ ತೀರ ಸಾಮಾನ್ಯ. ಬೆಳಿಗ್ಗೆ ಅಮ್ಮ ಸ್ಪೀಕರ್‌ನಲ್ಲಿ ಸುಪ್ರಭಾತ ಹಾಕುತ್ತಾರೆ, ಮಗುವಿಗೆ ಊಟ ಮಾಡಿಸುವಾಗ ಶಿಶುಗೀತೆ ಓಡುತ್ತದೆ, ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕಾರಿನ ಬ್ಲೂಟೂತ್‌ಗೆ ಯಾರ ಫೋನ್ ಸೇರಿಕೊಂಡಿದೆಯೋ ಅವರ ಖಾತೆಯಿಂದ ಎಲ್ಲರ ಹಾಡೂ ಹೋಗುತ್ತದೆ, ರಾತ್ರಿ ನಿದ್ದೆಗೆಂದು ಹಾಕಿದ ಮಳೆಯ ಸದ್ದು ಬೆಳಗಿನವರೆಗೆ ಮತ್ತೆ ಮತ್ತೆ ಓಡಿ ನೂರಾರು ಎಣಿಕೆ ಮಾಡಿಬಿಡುತ್ತದೆ. 2025ರ ರ್‍ಯಾಪ್ಡ್‌ನಲ್ಲಿ ಸ್ಪಾಟಿಫೈ ಕೇಳುಗರ ‘ಲಿಸನಿಂಗ್ ಏಜ್’ ಎಂಬುದೊಂದನ್ನು ಸೇರಿಸಿತು. ಕೇಳಿದ ಹಾಡುಗಳು ಯಾವ ಕಾಲದವು ಎಂಬುದರ ಮೇಲೆ ಕೇಳುಗರಿಗೆ ಒಂದು ವಯಸ್ಸನ್ನು ಅದು ನಿಗದಿ ಮಾಡುತ್ತದೆ. ಅಜ್ಜಿಗೆಂದು ಹಳೆಯ ಹಾಡು ಹಾಕಿಕೊಡುವ ಮೊಮ್ಮಗಳಿಗೆ ಎಪ್ಪತ್ತು ದಾಟಿದ ವಯಸ್ಸು ಬಂದರೆ ಆ ಸಂಖ್ಯೆ ಹೇಳುವುದು ಮನೆಯ ಬಗ್ಗೆ, ಅವಳ ಬಗ್ಗೆ ಅಲ್ಲ.

ಮನೆಯವರಿಗೆ ಹಾಡು ಹಾಕಿಕೊಡುವುದನ್ನು ನಿಲ್ಲಿಸಿ ಎಂದು ಯಾರೂ ಹೇಳಬಾರದು. ಮಾಡಬೇಕಾದದ್ದು ಖಾತೆಗಳನ್ನು ಬೇರ್ಪಡಿಸುವುದು. ಫ್ಯಾಮಿಲಿ ಪ್ಲಾನ್ ಇದ್ದರೆ ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಮಾಡಿಕೊಡಿ. ಒಂದೇ ಲಾಗಿನ್ ಅನ್ನು ಐದು ಫೋನುಗಳಲ್ಲಿ ಬಳಸಿದರೆ ಪ್ಲಾನ್‌ಗೆ ಹಣ ಕೊಟ್ಟೂ ಪ್ರಯೋಜನವಿಲ್ಲ. ಪ್ಲಾನ್ ಇಲ್ಲದಿದ್ದರೆ ಮನೆಯ ಸ್ಪೀಕರ್‌ಗೆಂದೇ ಒಂದು ಉಚಿತ ಖಾತೆ ತೆರೆಯಿರಿ. ಇದೊಂದು ಬದಲಾವಣೆ ಉಳಿದೆಲ್ಲ ಸೆಟ್ಟಿಂಗ್‌ಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬೇರ್ಪಡಿಸಲು ಆಗದಿದ್ದಾಗ ಸೆಟ್ಟಿಂಗ್‌ಗಳು ಇವೆ. ಆಪಲ್ ಮ್ಯೂಸಿಕ್‌ನಲ್ಲಿ ‘ಯೂಸ್ ಲಿಸನಿಂಗ್ ಹಿಸ್ಟರಿ’ ಎಂಬುದನ್ನು ಆಫ್ ಮಾಡಿದರೆ ಆ ಸಾಧನದಲ್ಲಿ ಕೇಳಿದ್ದು ರೀಪ್ಲೇಗೆ ಹೋಗುವುದಿಲ್ಲ. ಮನೆಯಲ್ಲಿ ಎಲ್ಲರೂ ಬಳಸುವ ಐಪ್ಯಾಡ್‌ನಲ್ಲಿ ಇದನ್ನು ಆಫ್ ಮಾಡಿಯೇ ಇಡುವುದು ಒಳ್ಳೆಯದು. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು, ಒಂದೊಂದೇ ನಮೂದನ್ನು ಅಳಿಸಲೂಬಹುದು. ಯೂಟ್ಯೂಬ್‌ಗೂ ಯೂಟ್ಯೂಬ್ ಮ್ಯೂಸಿಕ್‌ಗೂ ಹಿಸ್ಟರಿ ಒಂದೇ ಆದ್ದರಿಂದ ಟಿವಿಯಲ್ಲಿ ಮಗು ನೋಡಿದ ಶಿಶುಗೀತೆಯೂ ಅದೇ ಕಡತಕ್ಕೆ ಸೇರುತ್ತದೆ. ಟಿವಿಗೆ ಯೂಟ್ಯೂಬ್ ಕಿಡ್ಸ್ ಅಥವಾ ಗೆಸ್ಟ್ ಬಳಸಿ. ಸ್ಪಾಟಿಫೈನಲ್ಲಿ ಒಂದು ಪ್ಲೇಲಿಸ್ಟ್‌ನ ಮೂರು ಚುಕ್ಕಿ ಒತ್ತಿ ‘ಎಕ್ಸ್‌ಕ್ಲೂಡ್ ಫ್ರಮ್ ಯುವರ್ ಟೇಸ್ಟ್ ಪ್ರೊಫೈಲ್’ ಎಂದು ಆರಿಸಬಹುದು. ಮಳೆಯ ಸದ್ದಿನ ಪ್ಲೇಲಿಸ್ಟ್‌ಗೆ ಇದನ್ನು ಮಾಡಿಟ್ಟರೆ ಆ್ಯಪ್ ನಿಮಗೆ ಸೂಚಿಸುವ ಹಾಡುಗಳ ಮೇಲೆ ಅದರ ಪ್ರಭಾವ ತಗ್ಗುತ್ತದೆ. ಪ್ರೈವೇಟ್ ಸೆಷನ್ ಎಂಬುದರ ಮುಖ್ಯ ಕೆಲಸ ನೀವು ಏನು ಕೇಳುತ್ತಿದ್ದೀರಿ ಎಂಬುದನ್ನು ನಿಮ್ಮ ಫಾಲೋವರ್‌ಗಳಿಂದ ಮರೆಮಾಡುವುದು. ಅದರಲ್ಲಿ ಕೇಳಿದ್ದು ಸಂಸ್ಥೆಯ ಕಡತದಲ್ಲಿ ದಾಖಲಾಗುತ್ತದೆ. ತರಿಸಿಕೊಂಡ ಮಾಹಿತಿಯಲ್ಲಿ ‘ಇನ್‌ಕಾಗ್ನಿಟೋ ಮೋಡ್’ ಎಂಬ ಕಾಲಂ ಇರುವುದೇ ಇದಕ್ಕೆ ಸಾಕ್ಷಿ.

ನಿಮ್ಮ ಮಾಹಿತಿಯನ್ನು ತರಿಸಿಕೊಳ್ಳುವುದು

ಸ್ಪಾಟಿಫೈ ಬಳಸುವವರು ಕಂಪ್ಯೂಟರ್‌ನಲ್ಲಿ ತಮ್ಮ ಖಾತೆಯ ಪುಟ ತೆರೆದು ‘ಅಕೌಂಟ್ ಪ್ರೈವಸಿ’ ವಿಭಾಗಕ್ಕೆ ಹೋಗಬೇಕು. ಅಲ್ಲಿ ಎರಡು ಮುಖ್ಯ ಆಯ್ಕೆಗಳಿವೆ. ‘ಅಕೌಂಟ್ ಡೇಟಾ’ ಎಂಬುದು ಸುಮಾರು ಐದು ದಿನಗಳಲ್ಲಿ ಬರುತ್ತದೆ, ಹಿಂದಿನ ಒಂದು ವರ್ಷದ ಮಾಹಿತಿ ಅದರಲ್ಲಿರುತ್ತದೆ. ‘ಎಕ್ಸ್‌ಟೆಂಡೆಡ್ ಸ್ಟ್ರೀಮಿಂಗ್ ಹಿಸ್ಟರಿ’ ಬರಲು 30 ದಿನಗಳವರೆಗೆ ಹಿಡಿಯಬಹುದು, ಆದರೆ ಖಾತೆ ತೆರೆದ ದಿನದಿಂದ ಕೇಳಿದ್ದೆಲ್ಲವೂ ಅದರಲ್ಲಿ ಇರುತ್ತದೆ. ಭಾರತದಲ್ಲಿ ಸ್ಪಾಟಿಫೈ ಶುರುವಾದದ್ದು 2019ರ ಫೆಬ್ರುವರಿಯಲ್ಲಿ. ಆಗಿನಿಂದ ಬಳಸುತ್ತಿರುವವರಿಗೆ ಇಷ್ಟು ವರ್ಷಗಳ ಕೇಳ್ಮೆ ಒಟ್ಟಿಗೆ ಸಿಗುತ್ತದೆ. ಎರಡನ್ನೂ ಕೋರಿ. ಕೋರಿಕೆ ಸಲ್ಲಿಸಿದ ಮೇಲೆ ಬರುವ ಇಮೇಲ್‌ನಲ್ಲಿನ ದೃಢೀಕರಣದ ಕೊಂಡಿಯನ್ನು ಒತ್ತದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ ಎಂಬುದು ನೆನಪಿರಲಿ.

ಯೂಟ್ಯೂಬ್ ಮ್ಯೂಸಿಕ್‌ನವರು ತಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಪುಟವಾದ ಗೂಗಲ್ ಟೇಕ್ಔಟ್‌ಗೆ ಹೋಗಿ, ಎಲ್ಲವನ್ನೂ ಆರಿಸುವ ಗುರುತನ್ನು ತೆಗೆದು, ಯೂಟ್ಯೂಬ್ ಒಂದನ್ನೇ ಆರಿಸಿ, ಅದರೊಳಗೆ ಹಿಸ್ಟರಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಹಿಸ್ಟರಿಯ ಫೈಲ್ ಸಾಮಾನ್ಯವಾಗಿ ಎಚ್‌ಟಿಎಂಎಲ್ ರೂಪದಲ್ಲಿ ಬರುತ್ತದೆ. ಅದನ್ನು ಕಾಲಂಗಳಾಗಿ ಬಿಡಿಸಬಹುದಾದ ರೂಪವಾದ ಜೆಸನ್‌ಗೆ ಬದಲಿಸಿಕೊಳ್ಳದಿದ್ದರೆ ಎಕ್ಸೆಲ್‌ಗೆ ತರುವುದು ಬಹಳ ಕಷ್ಟವಾಗುತ್ತದೆ. ಆ ಫೈಲ್‌ನಲ್ಲಿ ಯಾವಾಗ ಹಾಡಿಸಿದಿರಿ ಎಂಬುದಿರುತ್ತದೆ, ಎಷ್ಟು ಹೊತ್ತು ಕೇಳಿದಿರಿ ಎಂಬುದಿರುವುದಿಲ್ಲ. ಇನ್ನೊಂದು ಎಚ್ಚರ: ನಿಮ್ಮ ಗೂಗಲ್ ಖಾತೆಯಲ್ಲಿ ಹಿಸ್ಟರಿ ತಾನಾಗಿಯೇ ಅಳಿಯುವಂತೆ ಮೂರು ತಿಂಗಳಿಗೆ ಇಟ್ಟಿದ್ದರೆ ವರ್ಷದ ಮುಕ್ಕಾಲು ಭಾಗ ಆಗಲೇ ಹೋಗಿರುತ್ತದೆ. ಅದನ್ನು 18 ಅಥವಾ 36 ತಿಂಗಳಿಗೆ ಬದಲಿಸಿ. ಆಪಲ್‌ನವರು ಸಂಸ್ಥೆಯ ಪ್ರೈವಸಿ ಪುಟದಲ್ಲಿ ತಮ್ಮ ಮಾಹಿತಿಯ ಪ್ರತಿಯನ್ನು ಕೋರಿದರೆ, ಬರುವ ಕಡತಗಳಲ್ಲಿ ‘ಆಪಲ್ ಮ್ಯೂಸಿಕ್ ಪ್ಲೇ ಆ್ಯಕ್ಟಿವಿಟಿ’ ಎಂಬ ಹೆಸರಿನದು ಇರುತ್ತದೆ. ಅದು ಸಿಎಸ್‌ವಿ ಆದ್ದರಿಂದ ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯುತ್ತದೆ.

ವರ್ಷಕ್ಕೊಮ್ಮೆ ಹೀಗೆ ತರಿಸಿ ಇಟ್ಟುಕೊಳ್ಳಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು. ರೆಸ್ಸೋ ಭಾರತದಲ್ಲಿ 2024ರ ಜನವರಿ 31ಕ್ಕೆ ಮುಚ್ಚಿತು. ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಅನ್ನು ಮುಚ್ಚುವುದಾಗಿ 2024ರ ಆಗಸ್ಟ್‌ನಲ್ಲಿ ಹೇಳಿತು. ಈ ಆ್ಯಪ್‌ಗಳಲ್ಲಿ ವರ್ಷಗಟ್ಟಲೆ ಕನ್ನಡ ಹಾಡು ಕೇಳಿದವರು ಬಹಳ. ಸೇವೆ ನಿಂತ ಮೇಲೆ ಯಾವ ಹಾಡನ್ನು ಯಾವ ವರ್ಷ ಹಚ್ಚಿಕೊಂಡಿದ್ದೆವು ಎಂಬುದನ್ನು ಹುಡುಕಿಕೊಳ್ಳಲು ತಮ್ಮಲ್ಲಿ ಪ್ರತಿ ಇಟ್ಟುಕೊಂಡವರಿಗೆ ಮಾತ್ರ ಸಾಧ್ಯ.

ಎಕ್ಸೆಲ್‌ನಲ್ಲಿ ಲೆಕ್ಕ

ಸ್ಪಾಟಿಫೈನ ಎಕ್ಸ್‌ಟೆಂಡೆಡ್ ಫೈಲನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಜಿಪ್ ಬಿಚ್ಚಿದರೆ ಹೆಸರಿನಲ್ಲೇ ವರ್ಷ ಇರುವ ಜೆಸನ್ ಫೈಲ್‌ಗಳು ಕಾಣುತ್ತವೆ. ಬೇಕಾದ ವರ್ಷದ್ದನ್ನು ಆರಿಸಿ. ಕಂಪ್ಯೂಟರ್‌ನ ಎಕ್ಸೆಲ್‌ನಲ್ಲಿ ಡೇಟಾ ಎಂಬ ಟ್ಯಾಬ್, ಅದರಲ್ಲಿ ಗೆಟ್ ಡೇಟಾ, ಫ್ರಮ್ ಫೈಲ್, ಫ್ರಮ್ ಜೆಸನ್ ಎಂದು ಹೋಗಿ ಫೈಲ್ ತೋರಿಸಿ. ತೆರೆಯುವ ಕಿಟಕಿಯಲ್ಲಿ ‘ಟು ಟೇಬಲ್’ ಒತ್ತಿ, ಕಾಲಂನ ತಲೆಯಲ್ಲಿರುವ ಎರಡು ಬಾಣಗಳ ಗುರುತನ್ನು ಒತ್ತಿದರೆ ಎಲ್ಲ ಕಾಲಂಗಳೂ ಬಿಚ್ಚಿಕೊಳ್ಳುತ್ತವೆ. ಹಾಡಿನ ಹೆಸರು, ಆಲ್ಬಂನ ಹೆಸರು, ಆಲ್ಬಂ ಕಲಾವಿದರ ಹೆಸರು, ಸಮಯ, ಕೇಳಿದ ಅವಧಿ ಇಷ್ಟನ್ನು ಉಳಿಸಿಕೊಳ್ಳಿ. ಐಪಿ ವಿಳಾಸ, ದೇಶದ ಸಂಕೇತ, ಸಾಧನದ ಹೆಸರು ಇರುವ ಕಾಲಂಗಳನ್ನು ಆಗಲೇ ತೆಗೆದುಹಾಕಿ. ಈ ಫೈಲನ್ನು ಅಪ್‌ಲೋಡ್ ಮಾಡಿದರೆ ಸುಂದರವಾದ ನಕ್ಷೆಗಳನ್ನು ಮಾಡಿಕೊಡುವ ಬೇರೆ ವೆಬ್‌ಸೈಟ್‌ಗಳಿವೆ. ಆದರೆ ನೀವು ಯಾವ ಹೊತ್ತಿನಲ್ಲಿ ಯಾವ ನೆಟ್‌ವರ್ಕ್‌ನಲ್ಲಿದ್ದಿರಿ ಎಂಬ ವರ್ಷಗಳ ವಿವರ ಅದರೊಳಗಿರುವಾಗ, ಮೂಲ ಫೈಲನ್ನು ಹಾಗೆಯೇ ಬೇರೆಯವರಿಗೆ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ.

ಸಮಯದ ಕಾಲಂ ಅನ್ನು ಎಚ್ಚರಿಕೆಯಿಂದ ನೋಡಬೇಕು. ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಫೈಲ್‌ನಲ್ಲಿ 2025ರ ಮಾರ್ಚ್ 14, 02:40 ಎಂದಿದ್ದರೆ ಬೆಂಗಳೂರಿನಲ್ಲಿ ಅದು ಬೆಳಿಗ್ಗೆ 8:10. ನಡುರಾತ್ರಿ ಎದ್ದು ಕೇಳಿದ ಹಾಡಲ್ಲ, ಕೆಲಸಕ್ಕೆ ಹೊರಟಾಗ ಕೇಳಿದ್ದು. ವರ್ಷದ ಗಡಿಯಲ್ಲಿ ಇದು ಇನ್ನೂ ಮುಖ್ಯವಾಗುತ್ತದೆ. ಫೈಲ್ ಪ್ರಕಾರ ಡಿಸೆಂಬರ್ 31ರ 18:30ಕ್ಕೆ ನಮ್ಮಲ್ಲಿ ಹೊಸ ವರ್ಷ ಹುಟ್ಟಿರುತ್ತದೆ, ಅಲ್ಲಿಂದ ಮುಂದಿನದೆಲ್ಲ ಮುಂದಿನ ವರ್ಷದ ಲೆಕ್ಕ. ಸಮಯವನ್ನು ಪಠ್ಯವಾಗಿಯೇ ಇಟ್ಟುಕೊಂಡು, ಮೊದಲ 10 ಅಕ್ಷರಗಳನ್ನು ದಿನಾಂಕವಾಗಿಯೂ 12ನೆಯ ಅಕ್ಷರದಿಂದ ಮುಂದಿನ 8 ಅಕ್ಷರಗಳನ್ನು ಗಂಟೆಯಾಗಿಯೂ ಬೇರ್ಪಡಿಸಿ, ಎರಡನ್ನೂ ಕೂಡಿಸಿ 5 ಗಂಟೆ 30 ನಿಮಿಷ ಸೇರಿಸಿದರೆ ಭಾರತೀಯ ಸಮಯ ಸಿಗುತ್ತದೆ. ಅದರಿಂದ ತಿಂಗಳು ಮತ್ತು ಗಂಟೆ ಎಂಬ ಎರಡು ಹೊಸ ಕಾಲಂ ಮಾಡಿ.

ಕೇಳಿದ ಅವಧಿ ಮಿಲಿಸೆಕೆಂಡ್‌ಗಳಲ್ಲಿರುತ್ತದೆ. 30,000ಕ್ಕಿಂತ ಕಡಿಮೆ ಇರುವ ಸಾಲುಗಳನ್ನು ಫಿಲ್ಟರ್ ಮಾಡಿ ತೆಗೆಯಿರಿ. ಉಳಿದುದನ್ನು 60,000ದಿಂದ ಭಾಗಿಸಿದರೆ ನಿಮಿಷಗಳಾಗುತ್ತವೆ. ಹಾಡಿನ ಹೆಸರಿನ ಕಾಲಂ ಖಾಲಿ ಇರುವ ಸಾಲುಗಳಿದ್ದರೆ ಅವು ಹೆಚ್ಚಾಗಿ ಪಾಡ್‌ಕಾಸ್ಟ್‌ನವು, ಬೇಡವಾದರೆ ಬಿಡಿ. ಈಗ ಒಂದೇ ಹೆಸರಿನ ಸಾಲುಗಳನ್ನು ಗುಂಪು ಮಾಡಿ ಒಟ್ಟು ತೋರಿಸುವ ಪಿವಟ್ ಟೇಬಲ್ ಹಾಕಿ ಎರಡು ಪಟ್ಟಿ ಮಾಡಿಕೊಳ್ಳಿ: ಒಂದು ಎಷ್ಟು ಸಲ ಎಂಬುದರ ಮೇಲೆ, ಇನ್ನೊಂದು ಎಷ್ಟು ನಿಮಿಷ ಎಂಬುದರ ಮೇಲೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಕಾರ್ಡು ಹೇಳದ ಸಂಗತಿ ಕಾಣುತ್ತದೆ. ಸಲಗಳ ಪಟ್ಟಿಯಲ್ಲಿ ಎಲ್ಲೋ ಕೆಳಗಿದ್ದ ಕೊಳಲು ಕಛೇರಿ ನಿಮಿಷಗಳ ಪಟ್ಟಿಯಲ್ಲಿ ಮೇಲಕ್ಕೆ ಬಂದಿರುತ್ತದೆ. ಗಂಟೆಯ ಕಾಲಂನ ಮೇಲೆ ಇನ್ನೊಂದು ಪಿವಟ್ ಹಾಕಿದರೆ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗದಲ್ಲಿ ಕೇಳುವ ಹಾಡಿಗೂ ರಾತ್ರಿ ಮನೆಯಲ್ಲಿ ಕೇಳುವ ಹಾಡಿಗೂ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ.

ಬರೆದವರು, ಹಾಡಿದವರು, ರಾಗ ಹಾಕಿದವರು

ಕನ್ನಡದ ಕೇಳುಗರು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಸ್ಪಾಟಿಫೈ ಕಳುಹಿಸುವ ಫೈಲ್‌ನಲ್ಲಿ ಇರುವುದು ಆಲ್ಬಂ ಕಲಾವಿದರ ಹೆಸರು ಮಾತ್ರ. ಸಿನಿಮಾ ಆಲ್ಬಂಗಳಲ್ಲಿ ಅದು ಬಹುಪಾಲು ಸಂಗೀತ ನಿರ್ದೇಶಕರದ್ದಾಗಿರುತ್ತದೆ, ಸಂಕಲನಗಳಲ್ಲಿ ‘ವೇರಿಯಸ್ ಆರ್ಟಿಸ್ಟ್ಸ್’ ಎಂದಷ್ಟೇ ಇರುತ್ತದೆ. ಎಸ್. ಜಾನಕಿಯವರ ಧ್ವನಿಗಾಗಿಯೇ ವರ್ಷವಿಡೀ ಕೇಳಿದ ಹಾಡುಗಳು ಹತ್ತಾರು ಸಂಗೀತ ನಿರ್ದೇಶಕರ ಹೆಸರಿನಲ್ಲಿ ಹಂಚಿಹೋಗಿ, ಅವರ ಹೆಸರು ಒಂದು ಕಡೆಯೂ ಸಿಗದೆ ಹೋಗಬಹುದು. ಹಾಗಾಗಿ ಗಾಯಕರು, ಸಂಗೀತ, ಸಾಹಿತ್ಯ ಎಂದು ಮೂರು ಕಾಲಂಗಳನ್ನು ನೀವೇ ಸೇರಿಸಬೇಕು. ಎಲ್ಲ ಹಾಡಿಗೂ ತುಂಬುವ ಅಗತ್ಯವಿಲ್ಲ. ಹೆಚ್ಚು ಕೇಳಿದ ನೂರು ಹಾಡುಗಳಿಗೆ ತುಂಬಿದರೆ ವರ್ಷದ ಚಿತ್ರ ಸ್ಪಷ್ಟವಾಗುತ್ತದೆ. ಯುಗಳಗೀತೆಯಾದರೆ ಇಬ್ಬರಿಗೂ ಒಂದೊಂದು ಎಣಿಕೆ ಕೊಡಿ, ಅರ್ಧರ್ಧ ಮಾಡಬೇಡಿ.

ತುಂಬುವ ಮೊದಲು ಒಂದು ಶುದ್ಧೀಕರಣ ಆಗಬೇಕು. ಒಂದೇ ಹಾಡು ಮೂಲ ಚಿತ್ರದ ಆಲ್ಬಂನಲ್ಲಿಯೂ, ಗಾಯಕರ ಹಿಟ್ಸ್ ಸಂಕಲನದಲ್ಲಿಯೂ, ನಟರ ಹುಟ್ಟುಹಬ್ಬಕ್ಕೆಂದು ತಂದ ಮತ್ತೊಂದು ಸಂಕಲನದಲ್ಲಿಯೂ ಇರುತ್ತದೆ; ಮೂರೂ ಬೇರೆ ಬೇರೆ ಟ್ರ್ಯಾಕ್‌ಗಳಾಗಿ ದಾಖಲಾಗಿರುತ್ತವೆ. ಮೂರರಲ್ಲಿ 40, 35, 30 ಸಲ ಕೇಳಿದ್ದರೆ ಒಟ್ಟು 105. ಆದರೆ ಒಂದೇ ಟ್ರ್ಯಾಕ್ ಆಗಿ 60 ಸಲ ಕೇಳಿದ ಬೇರೊಂದು ಹಾಡು ಅದಕ್ಕಿಂತ ಮೇಲೆ ನಿಲ್ಲುವ ಅಪಾಯವಿದೆ. ಹೆಸರುಗಳ ಬರವಣಿಗೆಯೂ ಒಂದೇ ರೀತಿ ಇರುವುದಿಲ್ಲ. ಬಾಲಸುಬ್ರಹ್ಮಣ್ಯಂ ಅವರ ಇನಿಶಿಯಲ್‌ಗಳ ನಡುವೆ ಒಂದು ಕಂಪನಿ ಚುಕ್ಕಿ ಇಡುತ್ತದೆ, ಇನ್ನೊಂದು ಇಡುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಹಾಡಿನ ಹೆಸರಿನಲ್ಲಿ ದೀರ್ಘಕ್ಕೆ ಒಬ್ಬರು ಒಂದು ಅಕ್ಷರ ಬಳಸಿದರೆ ಇನ್ನೊಬ್ಬರು ಎರಡು ಬಳಸಿರುತ್ತಾರೆ. ಹಾಡಿನ ಹೆಸರಿನ ಪ್ರಕಾರ ಅಕಾರಾದಿಯಾಗಿ ಜೋಡಿಸಿ, ‘ಶುದ್ಧ ಹೆಸರು’ ಎಂಬ ಹೊಸ ಕಾಲಂನಲ್ಲಿ ಕನ್ನಡ ಲಿಪಿಯಲ್ಲಿ ಒಂದೇ ರೂಪವನ್ನು ಬರೆದು, ಪಿವಟ್ ಅನ್ನು ಆ ಕಾಲಂನ ಮೇಲೆ ಮಾಡಿ. ಹಳೆಯ ಹಾಡುಗಳಿಗೆ ಕೊಟ್ಟಿರುವ ವರ್ಷವನ್ನೂ ನಂಬಬೇಡಿ. ಎಷ್ಟೋ ಕಡೆ ಅದು ಸಂಕಲನವನ್ನು ಅಪ್‌ಲೋಡ್ ಮಾಡಿದ ವರ್ಷವಾಗಿರುತ್ತದೆ.

ಸಾಹಿತ್ಯದ ಕಾಲಂ ತುಂಬುವುದು ಶ್ರಮದ ಕೆಲಸ, ಆದರೆ ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಡುವುದೂ ಅದೇ. ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇಬ್ಬರೂ ರಾಗ ಸಂಯೋಜಿಸಿದ್ದಾರೆ, ಹಲವರು ಹಾಡಿದ್ದಾರೆ. ಆ್ಯಪ್‌ನ ಲೆಕ್ಕದಲ್ಲಿ ಇವೆಲ್ಲ ಬೇರೆ ಬೇರೆ ಕಲಾವಿದರ ಕೆಳಗೆ ಚದುರಿರುತ್ತವೆ. ಕವಿಯ ಹೆಸರಿನ ಮೇಲೆ ಪಿವಟ್ ಮಾಡಿದಾಗ ನೀವು ವರ್ಷವಿಡೀ ಒಬ್ಬ ಕವಿಯ ಜೊತೆಯಲ್ಲಿದ್ದಿರಿ ಎಂಬುದು ಮೊದಲ ಬಾರಿಗೆ ತಿಳಿಯುತ್ತದೆ. ಸಿನಿಮಾ ಹಾಡುಗಳಲ್ಲಿ ಚಿ. ಉದಯಶಂಕರ್ ಅವರ ಹೆಸರಿಗೂ ಜಯಂತ ಕಾಯ್ಕಿಣಿಯವರ ಹೆಸರಿಗೂ ಹೀಗೆಯೇ ಆಗುವುದನ್ನು ನೋಡಬಹುದು.

ದಾಸರ ಪದ, ವಚನಗಳಲ್ಲಿ ಬರೆದವರ ಹೆಸರನ್ನು ಕಂಪನಿಗಳು ಕೊಡದೇ ಇರುವುದು ಹೆಚ್ಚು. ಆದರೆ ಇಲ್ಲಿ ನಮಗೊಂದು ಅನುಕೂಲವಿದೆ: ಹಾಡಿನೊಳಗೇ ಅಂಕಿತ ಇರುತ್ತದೆ. ಕೊನೆಯ ಚರಣ ಕೇಳಿ. ‘ಪುರಂದರ ವಿಠಲ’ ಎಂದು ಬಂದರೆ ಪುರಂದರದಾಸರು, ‘ಕಾಗಿನೆಲೆಯಾದಿಕೇಶವ’ ಎಂದಾದರೆ ಕನಕದಾಸರು. ವಚನದಲ್ಲಿ ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರು, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ. ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳು ಹಿಂದೂಸ್ತಾನಿ ಎಂಬ ವರ್ಗದಲ್ಲಿಯೂ ವಿದ್ಯಾಭೂಷಣರು ಹಾಡಿದವು ಭಕ್ತಿಗೀತೆ ಎಂಬ ವರ್ಗದಲ್ಲಿಯೂ ಇದ್ದು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣಬಹುದು. ಅಂಕಿತದ ಕಾಲಂ ತುಂಬಿದ ಮೇಲೆ ಎಷ್ಟೋ ಮನೆಗಳ ವರ್ಷದ ಮೊದಲ ಹೆಸರು ಪುರಂದರದಾಸರದ್ದೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಆ್ಯಪ್‌ಗೆ ತಿಳಿಯದ ಕೇಳ್ಮೆಯನ್ನೂ ಒಂದು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ ಎಂಬುದು ನನ್ನ ವಿನಂತಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳು, ಗಾಯನ ಸಮಾಜದಲ್ಲಿಯೋ ಚೌಡಯ್ಯ ಸ್ಮಾರಕ ಭವನದಲ್ಲಿಯೋ ಎದುರು ಕೂತು ಕೇಳಿದ್ದು, ಆಕಾಶವಾಣಿಯ ಅಮೃತವರ್ಷಿಣಿಯಲ್ಲಿ ಕೇಳಿದ್ದು ಇವು ಯಾವ ಕಾರ್ಡಿನಲ್ಲಿಯೂ ಬರುವುದಿಲ್ಲ. ದಿನಾಂಕ, ಕಲಾವಿದರು, ಮನಸ್ಸಿನಲ್ಲಿ ಉಳಿದ ರಾಗ ಅಥವಾ ಕೃತಿ ಇಷ್ಟು ಬರೆದರೆ ಸಾಕು.

ಕಾರ್ಡು ಮಾಡುವುದು

ಸ್ಟೇಟಸ್‌ಗೆ ಹಾಕುವ ಚಿತ್ರದ ಅಳತೆ 1080 ಪಿಕ್ಸೆಲ್ ಅಗಲ, 1920 ಪಿಕ್ಸೆಲ್ ಎತ್ತರ ಇರಲಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಎಂಬ ಉಚಿತ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ; ಒತ್ತಕ್ಷರಗಳು ಸರಿಯಾಗಿ ಮೂಡಿವೆಯೇ ಎಂದು ಫೋನ್‌ನ ತೆರೆಯಲ್ಲೇ ನೋಡಿ. ಐದು ಹಾಡು ಹಾಕುವುದಾದರೆ ಪ್ರತಿಯೊಂದರ ಕೆಳಗೆ ಬರೆದವರು, ರಾಗ ಹಾಕಿದವರು, ಹಾಡಿದವರು ಮೂವರ ಹೆಸರನ್ನೂ ಹಾಕಿ. ಕಚೇರಿಯ ಗುಂಪಿಗೆ ಕಳುಹಿಸುವ ಕಾರ್ಡಿನಲ್ಲಿ ದಿನದ ಯಾವ ಗಂಟೆಯಲ್ಲಿ ಎಷ್ಟು ಕೇಳಿದಿರಿ ಎಂಬ ನಕ್ಷೆ ಬೇಡ.

ಮುಂದಿನ ವರ್ಷಕ್ಕೆ

ಫೈಲ್ ತರಿಸಿ ಕಾಯುವುದು ಬೇಡವೆನ್ನುವವರು ಜನವರಿ 1ರಿಂದಲೇ ಲಾಸ್ಟ್.ಎಫ್‌ಎಂ ಅಥವಾ ಲಿಸನ್‌ಬ್ರೈನ್ಜ್‌ನಲ್ಲಿ ಖಾತೆ ತೆರೆಯಬಹುದು. ಲಾಸ್ಟ್.ಎಫ್‌ಎಂ 2002ರಷ್ಟು ಹಳೆಯದು. ಕೇಳಿದ ಹಾಡನ್ನು ಆಗಿಂದಾಗ್ಗೆ ದಾಖಲಿಸುವ ಈ ಕ್ರಮಕ್ಕೆ ಸ್ಕ್ರಾಬ್ಲಿಂಗ್ ಎನ್ನುತ್ತಾರೆ. ಅದರ ನಿಯಮ ಸ್ಪಾಟಿಫೈನದ್ದಕ್ಕಿಂತ ಬಿಗಿ: 30 ಸೆಕೆಂಡ್‌ಗಿಂತ ಉದ್ದದ ಹಾಡನ್ನು ಅರ್ಧದಷ್ಟಾದರೂ ಅಥವಾ ನಾಲ್ಕು ನಿಮಿಷವಾದರೂ, ಯಾವುದು ಮೊದಲೋ ಅಷ್ಟು, ಕೇಳಿರಬೇಕು. ಸ್ಪಾಟಿಫೈ ಅನ್ನು ಲಾಸ್ಟ್.ಎಫ್‌ಎಂನ ಸೆಟ್ಟಿಂಗ್ಸ್‌ನಿಂದಲೇ ಜೋಡಿಸಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಪ್ಯಾನೋ ಸ್ಕ್ರಾಬ್ಲರ್ ಎಂಬ ಆ್ಯಪ್ ಹಾಕಿ ಅನುಮತಿ ಕೊಟ್ಟರೆ, ಬೇರೆ ಬೇರೆ ಆ್ಯಪ್‌ಗಳಲ್ಲಿ ಓಡುವ ಹಾಡನ್ನು ನೋಟಿಫಿಕೇಶನ್ ಮೂಲಕ ಓದಿ ಒಂದೇ ಕಡೆ ಸೇರಿಸುತ್ತದೆ. ಯಾವ ಆ್ಯಪ್‌ಗಳನ್ನು ಗಮನಿಸಬೇಕೆಂದು ಆರಿಸುವಾಗ ಹಾಡಿನ ಆ್ಯಪ್‌ಗಳನ್ನು ಮಾತ್ರ ಆರಿಸಿ. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಕೇಳುವವರಿಗೆ ವೆಬ್ ಸ್ಕ್ರಾಬ್ಲರ್ ಎಂಬ ಎಕ್ಸ್‌ಟೆನ್ಷನ್ ಇದೆ. ಹೀಗೆ ಮಾಡಿದವರ ಎಣಿಕೆ ನಡುವೆ ಆ್ಯಪ್ ಬದಲಿಸಿದರೂ ತುಂಡಾಗುವುದಿಲ್ಲ.

ಈ ವರ್ಷದ್ದನ್ನು ಫೈಲ್‌ನಿಂದಲೇ ಮಾಡುವವರು ಜನವರಿಯ ಮೊದಲ ವಾರದಲ್ಲಿ ಕೋರಿಕೆ ಸಲ್ಲಿಸಿದರೆ ಡಿಸೆಂಬರ್ 31ರವರೆಗಿನದೆಲ್ಲ ಅದರೊಳಗೆ ಬರುತ್ತದೆ. ಮಾಹಿತಿ ಸಿದ್ಧವಾದಾಗ ಬರುವ ಡೌನ್‌ಲೋಡ್ ಕೊಂಡಿಗೆ ಗಡುವು ಇರುತ್ತದೆ, ಬಂದ ದಿನವೇ ಇಳಿಸಿಕೊಳ್ಳಿ. ಮೂಲ ಜಿಪ್ ಅನ್ನು ತಿದ್ದದೆ ವರ್ಷದ ಹೆಸರಿಟ್ಟು ಪೆನ್‌ಡ್ರೈವ್‌ನಲ್ಲಿಯೋ ಹಾರ್ಡ್ ಡಿಸ್ಕ್‌ನಲ್ಲಿಯೋ ಒಂದು ಪ್ರತಿ ಇಟ್ಟು, ಲೆಕ್ಕವನ್ನು ಅದರ ನಕಲಿನ ಮೇಲೆ ಮಾಡಿ.